ಮನೇಲಿ ಗುಜರಿ ಸೀಸ ಕರಗಿಸಿ ಬಲೆ ಗುಂಡು ಮಾಡ್ಬೇಕು, ಗೊತ್ತಿರೋರು ಸ್ವಲ್ಪ ಹೇಳಿ

ಗೊರೂರು_ಹಿನ್ನೀರು
ಎಲ್ರಿಗೂ ನಮಸ್ಕಾರ. ನಮ್ದು ಗೊರೂರು ಡ್ಯಾಮ್ ಹಿನ್ನೀರಿನ ಪಕ್ಕದ ಊರು. ನಮ್ ದೊಡ್ಡಪ್ಪನ ಬೀಸುಬಲೆ ಅಟ್ಟದ ಮೇಲೆ ಹದಿನೈದು ವರ್ಷದಿಂದ ಬಿದ್ದಿತ್ತು, ಎರಡು ತಿಂಗಳಿಂದ ಕೆಳಗಿಳಿಸಿ ಜಗಲಿ ಮೇಲೆ ಕೂತು ರಿಪೇರಿ ಮಾಡ್ತಾ ಇದೀನಿ. ಹರಿದಿದ್ದ ಕಡೆ ಎಲ್ಲ ಹೊಸ ನೂಲು ಹಾಕಿ ಹೆಣೆದೆ, ಆದ್ರೆ ಅಂಚಿನ ಸೀಸದ ಗುಂಡು ಅರ್ಧಕ್ಕರ್ಧ ಉದುರಿಹೋಗಿವೆ. ಲೆಕ್ಕ ಹಾಕಿದ್ರೆ ಇನ್ನೂ 4 ಕೇಜಿ ಬೇಕು.

ಗುಜರಿ ಅಂಗಡಿಲಿ ಮೂರು ತರದ ಸೀಸ ಸಿಕ್ತು: ಟೈರ್ ಅಂಗಡಿಯವ್ರು ಎಸೆದಿರೋ ವೀಲ್ ವೇಟು (ಚಕ್ರದ ಬ್ಯಾಲೆನ್ಸ್‌ಗೆ ಹಾಕೋ ಸಣ್ಣ ತೂಕ), ಹಳೇ ಟೆಲಿಫೋನ್ ಕೇಬಲ್ ಮೇಲಿನ ಸೀಸದ ಕವಚ, ಆಮೇಲೆ ಒಡೆದ ಟ್ರ್ಯಾಕ್ಟರ್ ಬ್ಯಾಟರಿ ಒಳಗಿನ ಪ್ಲೇಟುಗಳು. ದೊಡ್ಡಪ್ಪ ಇದ್ದಾಗ ಬಚ್ಚಲುಮನೆ ಹಂಡೆ ಒಲೇಲಿ ಹಳೇ ಬಾಣ್ಲೆ ಇಟ್ಟು ಕರಗಿಸಿ, ಹಸಿ ಜೇಡಿಮಣ್ಣಿಗೆ ಕಡ್ಡಿ ಚುಚ್ಚಿ ತೂತು ಮಾಡಿ ಅದಕ್ಕೆ ಹುಯ್ತಿದ್ರು. ಒಂದ್ಸಲ ಪಟಾರ್ ಅಂತ ಸಿಡ್ದು ಹುಬ್ಬಿನ ಮೇಲೆ ಸುಟ್ಟ ಗಾಯ ಆಗಿತ್ತು, ಆ ಕಲೆ ಕೊನೇ ತನಕ ಇತ್ತು. ನಂಗೆ ಅದೊಂದೇ ಭಯ. ನಮ್ ಮನೆಯವ್ಳು ಮಗು ಇರೋ ಮನೇಲಿ ಇದೆಲ್ಲ ಬೇಡ್ವೇ ಬೇಡ ಅಂತಾಳೆ, ಮಗಳಿಗೆ ಈಗ 3 ವರ್ಷ. ಸಿಡಿಯದಂಗೆ ಮಾಡೋದು ಹೆಂಗೆ ಹೇಳಿ.

ಮಲ್ನಾಡ್_ಮೀನು
ಎಷ್ಟು ಮೊಳದ ಬಲೆ ಅಣ್ಣ? ಫೋಟೋ ಹಾಕಿ. ಕೈಯಲ್ಲಿ ಹೆಣೆದ ಬಲೆ ನೋಡಿ ಎಷ್ಟು ವರ್ಷ ಆಯ್ತೋ, ಈಗೆಲ್ಲ ರೆಡಿಮೇಡ್ ನೈಲಾನು.

ಕಡೂರ್_ಬಯಲು
ಇದ್ರಲ್ಲಿ ಅಷ್ಟೊಂದು ಕೇಳೋದೇನಿದೆ? ನಮ್ಮಪ್ಪ 30 ವರ್ಷ ಅಯ್ಯನಕೆರೇಲಿ ಬಲೆ ಬೀಸಿದೋರು, ಸೀಸ ಮನೆ ಹಿಂದ್ಗಡೆನೇ ಕರಗಿಸ್ತಿದ್ರು, ಈಗ 76 ವಯಸ್ಸು, ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದಾರೆ. ಮಣ್ಣು ಒಣಗಿರ್ಬೇಕು, ಕಣ್ಣಿಗೆ ಕನ್ನಡಕ ಇರ್ಬೇಕು, ಮುಗೀತು. ನಾವೆಲ್ಲ ಸ್ಕೂಲಲ್ಲಿ ಸೀಸದಕಡ್ಡಿ ಕಚ್ಚಿ ಕಚ್ಚಿನೇ ಬೆಳೆದಿದ್ದಲ್ವಾ, ಏನಾಯ್ತು?

ಕೆಮಿಸ್ಟ್ರಿ_ಮೇಷ್ಟ್ರು
ಕಡೂರಿನವ್ರೆ, ಸೀಸದಕಡ್ಡಿ ಒಳಗೆ ಸೀಸ ಇಲ್ಲ, ಹೆಸರು ಮಾತ್ರ ಹಂಗೆ ಉಳ್ಕೊಂಡಿದೆ. ಅದು ಗ್ರಾಫೈಟು ಮತ್ತು ಜೇಡಿಮಣ್ಣಿನ ಮಿಶ್ರಣ, ಅಂದ್ರೆ ಇಂಗಾಲ. ಪಿಯು ಮಕ್ಕಳಿಗೆ ಪ್ರತಿ ವರ್ಷ ಇದನ್ನ ಹೇಳಿ ಹೇಳಿ ಸಾಕಾಗಿದೆ.

ಗೊರೂರಿನವ್ರು ಕೇಳಿದ್ದಕ್ಕೆ ಬರ್ತೀನಿ. ಸೀಸ ಕರಗೋದು 327 ಡಿಗ್ರಿ ಸೆಲ್ಸಿಯಸ್‌ಗೆ. ನೀರು ಕುದಿಯೋದು 100ಕ್ಕೆ. ಒಂದು ಹನಿ ನೀರು ಆವಿಯಾದ್ರೆ ಸುಮಾರು 1,600 ಪಟ್ಟು ಹಿಗ್ಗುತ್ತೆ. ಆ ಹನಿ ಸೀಸದ ಮೇಲೆ ಬಿದ್ರೆ ಚುರ್ ಅಂತ ಆವಿಯಾಗಿ ಒಂದೆರಡು ಕಡೆ ಸಿಡಿಬೋದು, ಆದ್ರೆ ಅದೇ ಹನಿ ಸೀಸದ *ಒಳಗೆ* ಅಥವಾ *ಕೆಳಗೆ* ಸಿಕ್ಕಿಹಾಕ್ಕೊಂಡ್ರೆ ಆವಿಗೆ ಹೋಗೋಕೆ ದಾರಿ ಇಲ್ದೆ ಮೇಲಿರೋ ಸೀಸನೆಲ್ಲ ಎತ್ತಿ ಎಸೆಯುತ್ತೆ. ನಿಮ್ ದೊಡ್ಡಪ್ಪಂಗೆ ಆಗಿದ್ದು ಅದೇ. ಹಸಿ ಮಣ್ಣಿನ ಅಚ್ಚಿಗೆ ಹುಯ್ಯೋದನ್ನ ಇವತ್ತಿಂದಲೇ ಮರೆತುಬಿಡಿ.

ಹಳೇ_ಪ್ಲಂಬರ್
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಹಾಸನದಲ್ಲಿ ನೀರಿನ ಪೈಪ್ ಕೆಲಸ ಮಾಡಿದೋನು, ರಿಟೈರ್ ಆಗಿ ಆರು ವರ್ಷ ಆಯ್ತು. ಆಗ ಎಲ್ಲ ಬೀಡಿನ (ಎರಕದ ಕಬ್ಬಿಣದ) ಪೈಪು. ಒಂದು ಪೈಪಿನ ಬಾಯಿಗೆ ಇನ್ನೊಂದು ಪೈಪು ಕೂರ್ಸಿ, ಸಂದಿಗೆ ಸಣಬಿನ ಹುರಿ ಬಡಿದು, ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಮೇಲ್ಗಡೆ ಒಂದು ಬಾಯಿ ಬಿಟ್ಟು ಕಾದ ಸೀಸ ಹುಯ್ಯೋದು, ಆರಿದ್ ಮೇಲೆ ಉಳಿಲಿ ಬಡಿದು ಬಿಗಿ ಮಾಡೋದು. ದಿನಕ್ಕೆ ಹತ್ತು ಹನ್ನೆರಡು ಜಾಯಿಂಟು. ಒಂದ್ಸಲ ಆಷಾಢದ ಮಳೇಲಿ ಗುಂಡಿ ಒಳಗೆ ನೀರು ಜಿನುಗ್ತಾ ಇತ್ತು, ಬಟ್ಟೆಲಿ ಒರೆಸಿದೀವಿ, ಒಣಗಿದೆ ಅಂದ್ಕೊಂಡು ನನ್ ಜೊತೆಯವ್ನು ಸೌಟು ಬಗ್ಗಿಸ್ದ. ಸಣಬು ಒಳಗೆ ನೀರು ಕುಡಿದಿತ್ತು. ಬಂದೂಕು ಹಾರಿಸ್ದಂಗೆ ಶಬ್ದ. ಅವ್ನ ಮೊಣಕೈಯಿಂದ ಬೆರಳ ತನಕ ಬೆಳ್ಳಗೆ ಸೀಸ ಮೆತ್ಕೊಂಡಿತ್ತು, ಆರಿದ ಸೀಸದ ಜೊತೆ ಚರ್ಮನೂ ಬಂತು. ಇವತ್ತಿಗೂ ಅವ್ನ ಎರಡು ಬೆರಳು ಮಡಚಲ್ಲ.

ಹಂಗಾಗಿ ನಾನು ಕಲಿತಿದ್ದು ಹೇಳ್ತೀನಿ ಕೇಳಿ. ಸೌಟು ತಣ್ಣಗಿದ್ರೆ ಅದ್ರ ಮೇಲೆ ಕಣ್ಣಿಗೆ ಕಾಣದ ತೇವ ಇರುತ್ತೆ, ಸೀಸಕ್ಕೆ ಅದ್ದೋಕೆ ಮುಂಚೆ ಬೆಂಕಿ ಪಕ್ಕ ಇಟ್ಟು ಚೆನ್ನಾಗಿ ಕಾಯಿಸ್ಬೇಕು. ಅಚ್ಚೂ ಅಷ್ಟೇ, ಕಬ್ಬಿಣದ್ದೇ ಆಗಿದ್ರೂ ಬಿಸಿ ಮಾಡ್ದೆ ಹುಯ್ಯಬಾರ್ದು. ಕರಗಿರೋ ಬಾಣ್ಲೆಗೆ ಮೇಲಿಂದ ಹೊಸ ತುಂಡು ಹಾಕಬಾರ್ದು, ತುಂಡಿನ ಮಡಿಕೆ ಒಳಗೆ ನೀರು ಇದ್ರೆ ಅದೇ ಬಾಂಬು. ಎಲ್ಲ ಒಟ್ಟಿಗೆ ತಣ್ಣಗಿರೋ ಬಾಣ್ಲೆಗೆ ಹಾಕಿ ಆಮೇಲೆ ಉರಿ ಹಚ್ಚಿ, ತೇವ ತಾನಾಗೇ ಹೋಗುತ್ತೆ. ಕೇಬಲ್ ಕವಚ ಅಂದ್ರಲ್ಲ, ಅದರ ಒಳಗೆ ಪೇಪರ್ ಸುತ್ತಿರುತ್ತೆ, ಅದು ನೀರು ಹಿಡ್ಕೊಂಡಿರುತ್ತೆ, ಸೀಳಿ ಬಿಡಿಸಿ ಒಣಗಿಸ್ದೆ ಮುಟ್ಟಬೇಡಿ.

ಸಕಲೇಶ್ಪುರ_ಮಳೆ
ನಮ್ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನ ಯೋಚನೆ ಮಾಡೋದೇ ತಪ್ಪು. ಬಿಸಿಲಿದೆ ಅಂತ ಅಂಗಳದಲ್ಲಿ ಶುರು ಮಾಡಿದ್ರೆ ಐದು ನಿಮಿಷಕ್ಕೆ ಮೋಡ ಕವಿಯುತ್ತೆ. ಹಂಚಿನ ಮಾಡಿನ ಕೆಳಗೆ ಮಾಡ್ತೀನಿ ಅಂದ್ರೆ ಹಂಚಿನ ಸಂದಿಯಿಂದ ತೊಟ್ಟಿಕ್ಕೋದು ಯಾರಿಗೆ ಗೊತ್ತಾಗುತ್ತೆ.

ಕಡೂರ್_ಬಯಲು
ಸರಿ ಪೆನ್ಸಿಲ್ ವಿಷಯ ಒಪ್ಕೊಂಡೆ ಮೇಷ್ಟ್ರೆ. ಆದ್ರೆ ಬಾಕಿ ನಾನು ಹೇಳಿದ್ದೂ ಅದೇ ತಾನೇ, ಮಣ್ಣು ಒಣಗಿರ್ಬೇಕು ಅಂತ. ನೀರು ತಾಗದಂಗೆ ನೋಡ್ಕೊಂಡ್ರೆ ಸೀಸದಷ್ಟು ಸಾಧು ಲೋಹ ಇನ್ನೊಂದಿಲ್ಲ.

ಬೇಲೂರ್_ರೋಡ್_ಟೈರ್
ಅಣ್ಣ ನಂದು ಟೈರ್ ಅಂಗಡಿ, ವೀಲ್ ವೇಟ್ ಬಗ್ಗೆ ಹೇಳ್ತೀನಿ. ಈಗ ಬರ್ತಿರೋದೆಲ್ಲ ಸೀಸ ಅಲ್ಲ. ಕೆಲವು ಸತುವಿಂದು, ಕೆಲವು ಕಬ್ಬಿಣದ್ದು. ಸತುವಿನ ಮೇಲೆ ಜಡ್‌ಎನ್ ಅಂತ, ಕಬ್ಬಿಣದ ಮೇಲೆ ಎಫ್‌ಇ ಅಂತ ಅಚ್ಚು ಇರುತ್ತೆ, ಅಳಿಸಿಹೋಗಿದ್ರೆ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿಸಿ ನೋಡಿ, ಸೀಸ ಬೆಣ್ಣೆ ತರ ಗೀರು ಬೀಳುತ್ತೆ, ಸತು ಗಟ್ಟಿ ಇರುತ್ತೆ. ಸತು ಸೇರಿದ್ರೆ ಸೀಸ ಅಚ್ಚಿಗೆ ಸರಿಯಾಗಿ ಇಳಿಯಲ್ಲ, ಗಂಜಿ ತರ ಆಗುತ್ತೆ. ನಾವು ಕ್ಲಿಪ್ ಸಮೇತ ಬಕೆಟ್‌ಗೆ ಎಸೀತೀವಿ, ಬಕೆಟ್ ಅಂಗಳದಲ್ಲೇ ಇರುತ್ತೆ, ಮಳೆ ನೀರು, ಗ್ರೀಸು, ವಾಲ್ವ್ ಕ್ಯಾಪು ಎಲ್ಲ ಅದ್ರೊಳಗೇ. ಟ್ಯೂಬ್‌ಲೆಸ್ ವಾಲ್ವಿನ ರಬ್ಬರ್ ಸುಟ್ರೆ ಹೊಗೆ ಹೆಂಗಿರುತ್ತೆ ಅಂತ ಹೇಳೋದೇ ಬೇಡ.

ಕೆಮಿಸ್ಟ್ರಿ_ಮೇಷ್ಟ್ರು
ಟೈರ್ ಅಣ್ಣ ಚೆನ್ನಾಗಿ ಹೇಳಿದ್ರಿ. ಸತು ಕರಗೋದು 419 ಡಿಗ್ರಿಗೆ. ಉರಿ ಹದವಾಗಿದ್ದು ಸೀಸ 350, 370ರ ಹತ್ರ ಇದ್ರೆ ತಪ್ಪಿ ಸೇರಿದ ಸತುವಿನ ತುಂಡು ಕರಗದೆ ಮೇಲೆ ತೇಲುತ್ತೆ, ತೆಗೆದು ಹಾಕ್ಬೋದು. ಸೌದೆ ಒಲೇಲಿ ಆ ಹದ ಹಿಡಿಯೋದೇ ಕಷ್ಟ, ಸೌದೆ ಉರಿ ಸುಲಭವಾಗಿ ಅದರ ಎರಡರಷ್ಟು ದಾಟುತ್ತೆ. ಸೀಸದ ಮೇಲ್ಮೈ ಹಳದಿ, ನೀಲಿ, ನೇರಳೆ ಬಣ್ಣಕ್ಕೆ ತಿರುಗ್ತಿದ್ರೆ ಅತಿಯಾಗಿ ಕಾದಿದೆ ಅಂತ ಅರ್ಥ. 500 ಡಿಗ್ರಿ ಆಸುಪಾಸಿಗೆ ಹೋದಂಗೆ ಸೀಸದ ಆವಿ ಲೆಕ್ಕಕ್ಕೆ ಬರೋಷ್ಟು ಏಳೋಕೆ ಶುರುವಾಗುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ಇನ್ನು ಅಲ್ಯೂಮಿನಿಯಂ ಪಾತ್ರೆ ಯಾರೂ ಬಳಸಬೇಡಿ. ಕರಗೋಕೆ 660 ಡಿಗ್ರಿ ಬೇಕಾದ್ರೂ ಅದಕ್ಕೆ ಮುಂಚೆನೇ ಮೆತ್ತಗಾಗುತ್ತೆ. ಒಂದು ಲೀಟರ್ ಸೀಸ 11 ಕೇಜಿಗೂ ಜಾಸ್ತಿ ತೂಗುತ್ತೆ, ಆ ಭಾರಕ್ಕೆ ತಳ ಕಳಚಿದ್ರೆ ಕಾಲ ಮೇಲೆ ಬರುತ್ತೆ.

ತೋಟದ_ಮನೆ
ನಾನು ಮೂಡಿಗೆರೆ ಹತ್ರದವಳು. ಎಲ್ರೂ ಸಿಡಿಯೋದರ ಬಗ್ಗೆನೇ ಮಾತಾಡ್ತಿದೀರ. ಮಗುವಿನ ಅಮ್ಮ ಬೇಡ ಅಂದಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ಆ ಹೆಣ್ಮಗಳು ಕೇಳ್ತಿರೋದು ಸಿಡಿಯೋದಲ್ಲ ಅಂತ ನಂಗನ್ಸುತ್ತೆ.

ಲ್ಯಾಬ್_ಅಕ್ಕ
ತೋಟದ ಮನೆ ಅಕ್ಕ, ಸರಿಯಾದ ಜಾಗಕ್ಕೆ ಬಂದ್ರಿ. ನಾನು ಚಿಕ್ಕಮಗಳೂರಲ್ಲಿ ಲ್ಯಾಬ್ ಟೆಕ್ನಿಷಿಯನ್, 14 ವರ್ಷದಿಂದ ರಕ್ತ ತೆಗೀತಾ ಇರೋಳು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಸೀಸ ಕರಗಿಸುವಾಗ ಮೇಲೆ ಬೂದು, ಹಳದಿ ಬಣ್ಣದ ಕೆನೆ ಕಟ್ಟುತ್ತಲ್ಲ, ಕಿಟ್ಟ, ಅದು ಸೀಸದ ಆಕ್ಸೈಡು. ಅದನ್ನ ಸೌಟಲ್ಲಿ ತೆಗೆದು ಪಕ್ಕಕ್ಕೆ ಬಡೀತೀರಿ, ಅದು ಹಿಟ್ಟಿನ ತರ ಪುಡಿಯಾಗಿ ಏಳುತ್ತೆ, ಕೈಗೆ, ಅಂಗಿಗೆ, ಲುಂಗಿ ಮಡಿಕೆಗೆ, ತಲೆಕೂದಲಿಗೆ ಕೂರುತ್ತೆ. ಒಲೆ ಆರಿಸಿ ಒಳಗೆ ಬಂದು ಮಗುನ ಎತ್ಕೊಳ್ತೀರಿ. ಮಗು ನಿಮ್ ಹೆಗಲ ಮೇಲೆ ಬಾಯಿಟ್ಕೊಂಡು ಮಲಗುತ್ತೆ. ಇಷ್ಟೇ ಸಾಕು. ದೊಡ್ಡೋರು ನುಂಗಿದ ಸೀಸದಲ್ಲಿ ಹತ್ತನೇ ಒಂದು ಭಾಗ ಮೈಗೆ ಹತ್ತಿದ್ರೆ ಚಿಕ್ಕ ಮಕ್ಕಳಿಗೆ ಹೆಚ್ಚುಕಮ್ಮಿ ಅರ್ಧ ಹತ್ತುತ್ತೆ, ಕಬ್ಬಿಣದಂಶ ಕಮ್ಮಿ ಇರೋ ಮಗು ಆದ್ರೆ ಇನ್ನೂ ಜಾಸ್ತಿ. ಮೈ ಅದನ್ನ ಸುಣ್ಣದಂಶ ಅಂದ್ಕೊಂಡು ಮೂಳೆಗೆ ಸೇರಿಸ್ಕೊಳ್ಳುತ್ತೆ. ರಕ್ತದಲ್ಲಿ ತಿಂಗಳಿಗೆ ಅರ್ಧ ಕಮ್ಮಿ ಆಗ್ಬೋದು, ಮೂಳೆಲಿ ಹತ್ತಾರು ವರ್ಷ ಇರುತ್ತೆ. ಆಮೇಲೆ ಆ ಹೆಣ್ಮಗು ದೊಡ್ಡವಳಾಗಿ ಬಸುರಿ ಆದಾಗ ಮೂಳೆಯಿಂದ ಹೊರಗೆ ಬಂದು ಹೊಟ್ಟೆಲಿರೋ ಮಗುಗೂ ಹೋಗುತ್ತೆ.

ಕಡೂರಣ್ಣ, ನಿಮ್ ತಂದೆ ಆರೋಗ್ಯವಾಗಿರೋದು ಸಂತೋಷ, ದೇವ್ರು ಹಂಗೇ ಇಟ್ಟಿರ್ಲಿ. ಆದ್ರೆ ಸೀಸ ಕಣ್ಣಿಗೆ ಕಾಣೋ ಹಂಗೆ ಕೆಡಿಸಲ್ಲ. ಮಗುಗೆ ಹೊಟ್ಟೆನೋವು, ಮಲಬದ್ಧತೆ, ಊಟ ಸೇರದೆ ಇರೋದು, ಹಠ, ರಕ್ತ ಕಮ್ಮಿ, ಆಮೇಲೆ ಸ್ಕೂಲಲ್ಲಿ ಹಿಂದೆ ಬೀಳೋದು. ಇದನ್ನ ನೋಡಿ ಯಾರಾದ್ರೂ ಸೀಸ ಅಂತಾರಾ? ಜಂತುಹುಳ ಅಂತಾರೆ, ಹಲ್ಲು ಬರ್ತಿದೆ ಅಂತಾರೆ. ಇಷ್ಟರ ಒಳಗಿದ್ರೆ ಪರವಾಗಿಲ್ಲ ಅನ್ನೋ ಮಟ್ಟನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 100 ಎಂಎಲ್ ರಕ್ತಕ್ಕೆ 5 ಮೈಕ್ರೋಗ್ರಾಂ ದಾಟಿದ್ರೆ ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸ್ಬೇಕು ಅನ್ನೋದು ಅವ್ರ ಮಾರ್ಗಸೂಚಿ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಅನ್ನೋ ಸಂಸ್ಥೆ ಸೇರಿ ವರದಿ ಕೊಟ್ರು, ಆ 5ರ ಮಟ್ಟ ಮುಟ್ಟಿರೋ ಮಕ್ಕಳು ನಮ್ ದೇಶದಲ್ಲೇ 27 ಕೋಟಿಗೂ ಜಾಸ್ತಿ ಅಂತ ಅವ್ರ ಅಂದಾಜು.

ಕಡೂರ್_ಬಯಲು
ಅಕ್ಕ ನೀವು ಹೇಳೋದು ಕಾರ್ಖಾನೆ ಲೆಕ್ಕ. ವರ್ಷಕ್ಕೆ ಒಂದ್ಸಲ 4 ಕೇಜಿ ಕರಗಿಸೋರಿಗೂ ಕಾರ್ಖಾನೆಯವ್ರಿಗೂ ಒಂದೇ ತಕ್ಕಡಿನಾ? ಇಷ್ಟು ಹೆದರಿಸಿದ್ರೆ ಹಳ್ಳಿ ಜನ ಬಲೆ ಬೀಸೋದೇ ಬಿಡ್ಬೇಕಾಗುತ್ತೆ. ಅಂಗಡಿಲಿ ಗುಂಡಿನ ರೇಟ್ ಕೇಳಿದೀರಾ? ಬಡವರ ಹೊಟ್ಟೆಪಾಡಿನ ವಿಷಯ ಇದು.

ಲ್ಯಾಬ್_ಅಕ್ಕ
ಬಲೆ ಬೀಸೋದು ಬಿಡಿ ಅಂತ ನಾನೆಲ್ಲಿ ಹೇಳ್ದೆ ಅಣ್ಣ. ಬಡವರ ಮನೇಲಿ ಅಡುಗೆಮನೆ, ಅಂಗಳ, ಮಗು ಆಡೋ ಜಾಗ ಎಲ್ಲ ಒಂದೇ, ಅದಕ್ಕೇ ಅಲ್ಲಿ ಜಾಸ್ತಿ ಅಪಾಯ. ಕಾರ್ಖಾನೆಯವ್ರು ಬಟ್ಟೆ ಬದಲಾಯಿಸಿ ಸ್ನಾನ ಮಾಡಿ ಮನೆಗೆ ಹೋಗ್ಬೇಕು ಅಂತ ನಿಯಮ ಇರುತ್ತೆ. ಹಿತ್ತಲಲ್ಲಿ ಕರಗಿಸೋರಿಗೆ ಯಾರು ಹೇಳ್ತಾರೆ?

ಕೆಮಿಸ್ಟ್ರಿ_ಮೇಷ್ಟ್ರು
ಸಣ್ಣ ಪ್ರಮಾಣ ಅಂದಿದ್ದಕ್ಕೆ ಒಂದು ನಿಜ ಘಟನೆ. ಸೆನೆಗಲ್ ದೇಶದ ಡಾಕರ್ ಪಕ್ಕ ಥಿಯಾರೋಯ್ ಸುರ್ ಮೇರ್ ಅಂತ ಒಂದು ಊರು. ಅಲ್ಲಿ ಜನ ಹಳೇ ಬ್ಯಾಟರಿ ಒಡೆದು ಸೀಸ ತೆಗೀತಿದ್ರು, ಸೀಸದ ಅಂಶ ತುಂಬಿದ ಮಣ್ಣನ್ನ ಜರಡಿ ಹಿಡಿದು ಚೀಲಕ್ಕೆ ತುಂಬಿ ಮಾರ್ತಿದ್ರು, ಕೆಲವರು ಆ ಮಣ್ಣನ್ನ ಮನೆ ಒಳಗೂ ತಂದಿಟ್ಟಿದ್ರು. 2007ರ ನವೆಂಬರ್‌ನಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಚಿಕ್ಕ ಮಕ್ಕಳು ತೀರ್ಕೊಂಡ್ರು. ಬೆಂಕಿ ಅಲ್ಲ, ಸಿಡಿತ ಅಲ್ಲ, ಧೂಳು. ನಿಮ್ ಹಿತ್ತಲೂ ಆ ಊರೂ ಸಮ ಅಂತ ನಾನು ಹೇಳ್ತಿಲ್ಲ, ಆದ್ರೆ ಆ ಬ್ಯಾಟರಿ ಪ್ಲೇಟು ನೋಡಿದ ತಕ್ಷಣ ನಂಗೆ ಆ ಊರು ನೆನಪಾಯ್ತು.

ಬ್ಯಾಟರಿ_ಅಂಗಡಿ
ಬ್ಯಾಟರಿ ಪ್ಲೇಟ್ ವಿಷಯ ನಾನು ಹೇಳ್ಬೇಕು ಅಂತಾನೇ ಲಾಗಿನ್ ಆದೆ. ದಯವಿಟ್ಟು ಅದನ್ನ ಕರಗಿಸಬೇಡಿ ಅಣ್ಣ. ಮೊದ್ಲನೇದು, ಅದ್ರಲ್ಲಿ ಸಲ್ಫ್ಯೂರಿಕ್ ಆಸಿಡ್ ಇಂಗಿರುತ್ತೆ, ಕಾದ್ರೆ ಗಂಟಲು ಸುಡೋ ಹೊಗೆ. ಎರಡನೇದು, ಪ್ಲೇಟ್ ಮೇಲಿನ ಪೇಸ್ಟ್ ಸೀಸ ಅಲ್ಲ, ಸೀಸದ ಸಲ್ಫೇಟು, ಆಕ್ಸೈಡು, ಅದು ಬಾಣ್ಲೇಲಿ ಕರಗಲ್ಲ, ಬೂದಿ ಆಗಿ ಕೂರುತ್ತೆ. ಹತ್ತು ಕೇಜಿ ಪ್ಲೇಟ್ ಹಾಕಿದ್ರೆ ಸಿಗೋ ಸೀಸ ಸ್ವಲ್ಪ, ಉಳಿದಿದ್ದೆಲ್ಲ ವಿಷದ ಬೂದಿ. ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು. ಹಳೇ ಬ್ಯಾಟರಿ ಜಾಲರಿಲಿ ಆಂಟಿಮನಿ, ಆರ್ಸೆನಿಕ್ ಸೇರ್ಸಿರ್ತಾರೆ, ಮೇಂಟೆನೆನ್ಸ್ ಫ್ರೀ ಬ್ಯಾಟರಿಲಿ ಕ್ಯಾಲ್ಸಿಯಂ. ಎರಡೂ ಬೆರೆತ ಕಿಟ್ಟಕ್ಕೆ ಆಮೇಲೆ ನೀರು ಬಿದ್ರೆ ಆರ್ಸೀನ್, ಸ್ಟಿಬೀನ್ ಅನ್ನೋ ಗ್ಯಾಸ್ ಬರುತ್ತೆ, ಅವು ಜೀವ ತೆಗೆಯೋವು.

ಕಾನೂನಲ್ಲೂ ಇದಕ್ಕೆ ಅವಕಾಶ ಇಲ್ಲ. ಮೊದ್ಲು 2001ರ ಬ್ಯಾಟರಿ ನಿಯಮ ಇತ್ತು, ಈಗ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ. ಹಳೇ ಬ್ಯಾಟರಿ ರಿಜಿಸ್ಟರ್ ಆದ ರೀಸೈಕಲ್‌ನವ್ರಿಗೇ ಹೋಗ್ಬೇಕು. ಬ್ಯಾಟರಿ ಅಂಗಡಿಗೆ ತಗೊಂಡ್ಹೋಗಿ ಕೊಡಿ, ತೂಕಕ್ಕೆ ದುಡ್ಡು ಕೊಡ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಪದರ ಸುತ್ತಿ, ಗ್ಲೌಸ್ ಹಾಕ್ಕೊಂಡು ಎತ್ತಿ.

ಗೊರೂರು_ಹಿನ್ನೀರು
ಅಯ್ಯೋ, ಪ್ಲೇಟುಗಳನ್ನ ಬಚ್ಚಲುಮನೆ ಹೊರಗಡೆ ಗೋಣಿಚೀಲದ ಮೇಲೆ ಹರಡಿದೀನಿ ಒಣಗ್ಲಿ ಅಂತ. ಈಗ್ಲೇ ಎತ್ತಿಡ್ತೀನಿ.

ಹಳೇ_ಪ್ಲಂಬರ್
ಆ ಗೋಣಿಚೀಲನೂ ಸೇರ್ಸಿ ಕಟ್ಟಿಡಿ. ಒದರಬೇಡಿ. ನೆಲನ ಪೊರಕೆಲಿ ಗುಡಿಸಬೇಡಿ, ಒದ್ದೆ ಬಟ್ಟೆಲಿ ಒರೆಸಿ, ಬಟ್ಟೆನೂ ಅದೇ ಚೀಲಕ್ಕೆ ಹಾಕಿ.

ಮಲ್ನಾಡ್_ಮೀನು
ಮಾಸ್ಕ್ ಹಾಕ್ಕೊಂಡ್ರೆ ಸಾಲದಾ? ಕೊರೊನಾ ಟೈಮಿನ ಎನ್95 ಒಂದು ಡಬ್ಬ ಇದೆ ನಮ್ಮನೇಲಿ.

ಲ್ಯಾಬ್_ಅಕ್ಕ
ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಯಾವ ಉಪಯೋಗಕ್ಕೂ ಬರಲ್ಲ. ಎನ್95 ಮುಖಕ್ಕೆ ಬಿಗಿಯಾಗಿ ಕೂತ್ರೆ ಧೂಳು ಒಂದಷ್ಟು ತಡೆಯುತ್ತೆ, ಗಡ್ಡ ಇದ್ರೆ ಅದೂ ಇಲ್ಲ. ಲೋಹದ ಹೊಗೆಗೆ ಪಿ100 ಫಿಲ್ಟರ್ ಇರೋ ರಬ್ಬರ್ ಮಾಸ್ಕ್ ಬೇಕು. ಆದ್ರೆ ಮೂಗು ಮುಚ್ಚಿ ಕೈ ಬಿಟ್ರೆ ಏನ್ ಪ್ರಯೋಜನ? ಎಲೆ ಅಡಿಕೆ ಹಾಕ್ಕೊಂಡು, ಬೀಡಿ ಸೇದ್ಕೊಂಡು ಕರಗಿಸೋರನ್ನ ನೋಡಿದೀನಿ. ಸುಣ್ಣ ಹಚ್ಚೋ ಬೆರಳಲ್ಲೇ ಸೀಸನೂ ಬಾಯಿಗೆ ಹೋಗುತ್ತೆ.

ಸಕಲೇಶ್ಪುರ_ಮಳೆ
ಹಾಲು ಕುಡಿದು ಬೆಲ್ಲ ತಿಂದ್ರೆ ಧೂಳೆಲ್ಲ ಹೊರಟುಹೋಗುತ್ತೆ ಅಂತಾರಲ್ಲ, ಪೇಂಟ್ ಕೆಲಸದವ್ರೆಲ್ಲ ಹಂಗೇ ಮಾಡ್ತಾರೆ.

ಲ್ಯಾಬ್_ಅಕ್ಕ
ಒಳಗೆ ಸೇರಿದ್ದನ್ನ ಬೆಲ್ಲ ಹೊರಗೆ ಹಾಕಲ್ಲ. ಹೊಟ್ಟೆ ತುಂಬ ಊಟ, ರಾಗಿ, ಸೊಪ್ಪು, ಹಾಲು ಸರಿಯಾಗಿ ತಿನ್ನೋ ಮಗುಗೆ ಸೀಸ ಹತ್ತೋದು ಕಮ್ಮಿ ಅನ್ನೋದು ಮಾತ್ರ ನಿಜ.

ತೋಟದ_ಮನೆ
ಸುಟ್ಟ ಗಾಯಕ್ಕೆ ನಮ್ ಲೈನ್ ಮನೆಯ ತೋಟದ ಕೆಲಸದವ್ರು ಕಾಫಿಪುಡಿ ಮೆತ್ತುತಾರೆ, ಎಷ್ಟು ಹೇಳಿದ್ರೂ ಕೇಳಲ್ಲ. ಸೀಸ ಸಿಡಿದ್ರೆ ಏನು ಮಾಡ್ಬೇಕು ಅಂತಾನೂ ಯಾರಾದ್ರೂ ಬರೀರಿ.

ಲ್ಯಾಬ್_ಅಕ್ಕ
ಹರಿಯೋ ತಣ್ಣೀರು, 20 ನಿಮಿಷ, ನಲ್ಲಿ ಕೆಳಗೆ ಹಿಡೀರಿ. ಕಾಫಿಪುಡಿ, ಅರಿಶಿನ, ಟೂತ್‌ಪೇಸ್ಟ್, ಇಂಕು ಯಾವ್ದೂ ಬೇಡ. ಅಂಟಿರೋ ಸೀಸನ ಕಿತ್ತು ತೆಗೀಬೇಡಿ, ಆಸ್ಪತ್ರೆಲಿ ತೆಗೀತಾರೆ. ಕಣ್ಣಿಗೆ ಬಿದ್ರೆ ನೀರು ಹಾಕ್ತಾನೇ 108ಕ್ಕೆ ಫೋನ್ ಮಾಡಿ. ನೀರಿನ ಬಕೆಟ್ ಒಲೆಯಿಂದ ಹತ್ತು ಹೆಜ್ಜೆ ದೂರ ಇರ್ಲಿ, ಪಕ್ಕದಲ್ಲಲ್ಲ. ಬಾಣ್ಲೆ ಸುತ್ತ ಬೆಂಕಿ ಹತ್ಕೊಂಡ್ರೆ ಒಣ ಮರಳು, ನೀರು ಎರಚಬೇಡಿ. ಪಾಲಿಸ್ಟರ್ ಅಂಗಿ ಬೇಡ, ಕರಗಿ ಚರ್ಮಕ್ಕೆ ಅಂಟುತ್ತೆ, ಹತ್ತಿ ತುಂಬುತೋಳು, ಚರ್ಮದ ಶೂ, ಪ್ಯಾಂಟ್ ಶೂ ಮೇಲೆ ಇಳಿಬಿಟ್ಟಿರ್ಬೇಕು.

ಬೇಲೂರ್_ರೋಡ್_ಟೈರ್
ಅಕ್ಕ ಒಂದು ಪ್ರಶ್ನೆ. ನಾನು ದಿನಾ ವೀಲ್ ವೇಟ್ ಮುಟ್ತೀನಿ. ಅಂಗಡಿಲೇ ಊಟ. ನಾನೂ ಟೆಸ್ಟ್ ಮಾಡಿಸ್ಬೇಕಾ?

ಲ್ಯಾಬ್_ಅಕ್ಕ
ಮಾಡ್ಸಿ ಅಣ್ಣ. ಬ್ಲಡ್ ಲೆಡ್ ಅಂತ ಕೇಳಿ, ಇಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸ್ತೀವಿ. ನರದಿಂದಲೇ ತೆಗೀಬೇಕು, ಬೆರಳು ಚುಚ್ಚಿ ತೆಗೆದ್ರೆ ಚರ್ಮದ ಮೇಲಿನ ಸೀಸನೂ ಸೇರ್ಕೊಂಡು ತಪ್ಪು ತೋರಿಸುತ್ತೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಡಾ. ವೆಂಕಟೇಶ್ ತುಪ್ಪಿಲ್ ಅವ್ರು ಇದೇ ಕೆಲಸಕ್ಕೆ ಜೀವನ ಮುಡಿಪಿಟ್ಟೋರು. ಆಗಿನ ಸಮೀಕ್ಷೇಲಿ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂಗೂ ಮೇಲಿತ್ತು. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿದ್ದು ಇಂಥ ಕೆಲಸಗಳ ಹಿನ್ನೆಲೇಲೇ.

ಕಡೂರ್_ಬಯಲು
ಎರಡು ದಿನದಿಂದ ಓದ್ತಾ ಇದೀನಿ. ಅಪ್ಪಂಗೆ ಫೋನ್ ಮಾಡಿ ಕೇಳ್ದೆ. ಹೊಟ್ಟೆನೋವು ಅಂತ ಐವತ್ತರ ವಯಸ್ಸಲ್ಲಿ ತುಂಬಾ ಅನುಭವಿಸಿದ್ರಂತೆ, ವರ್ಷಗಟ್ಟಲೆ. ಆಸ್ಪತ್ರೇಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸ್ತಿದ್ರಂತೆ. ಅದು ಸೀಸದಿಂದಲೇ ಅಂತ ನಾನು ಹೇಳಲ್ಲ, ಗೊತ್ತಿಲ್ಲ. ಆದ್ರೆ ಇನ್ನೊಂದು ಮಾತು ಹೇಳಿದ್ರು. ಬಲೆಗೆ ಗುಂಡು ಕಟ್ಟುವಾಗ ಎರಡೂ ಕೈ ನೂಲಲ್ಲಿ ಇರುತ್ತೆ, ಅದಕ್ಕೆ ಗುಂಡನ್ನ ಹಲ್ಲಲ್ಲಿ ಕಚ್ಚಿ ಬಿಗಿ ಮಾಡೋದು. ನಾನೂ ಹಂಗೇ ಮಾಡ್ತೀನಿ. ಗೊರೂರಿನವ್ರೆ, ನೀವೂ ಹಂಗೇ ಮಾಡ್ತೀರಾ?

ಗೊರೂರು_ಹಿನ್ನೀರು
ಹೂಂ ಅಣ್ಣ. ಎರಡು ತಿಂಗಳಿಂದ. ಜಗಲಿ ಮೇಲೆ. ಮಗಳು ಪಕ್ಕದಲ್ಲೇ ಕೂತು ಉದುರಿದ ಗುಂಡು ಆರಿಸಿ ಡಬ್ಬಿಗೆ ಹಾಕ್ತಾಳೆ, ಗೋಲಿ ತರ ಆಟ ಆಡ್ತಾಳೆ. ಹಳೇ ಗುಂಡಿನ ಮೇಲೆ ಬೆಳ್ಳಗೆ ಹಿಟ್ಟು ಹಿಡಿದಿರುತ್ತೆ, ಅವಳ ಅಂಗೈಯೆಲ್ಲ ಬೂದು ಬಣ್ಣ. ನಾನು ಕರಗಿಸೋದೊಂದೇ ಅಪಾಯ ಅಂದ್ಕೊಂಡಿದ್ದೆ.

ಲ್ಯಾಬ್_ಅಕ್ಕ
ನಾಳೆನೇ ಕರ್ಕೊಂಡ್ಹೋಗಿ ಟೆಸ್ಟ್ ಮಾಡ್ಸಿ. ಹೆದರಬೇಡಿ, ಆದ್ರೆ ತಡ ಮಾಡಬೇಡಿ. ಬಲೆ, ಡಬ್ಬಿ ಎರಡನ್ನೂ ಮನೆಯಿಂದ ಆಚೆ ಕೊಟ್ಟಿಗೆ ಕಡೆ ಸಾಗಿಸಿ. ಜಗಲಿನ ಸೋಪು ನೀರಲ್ಲಿ ಎರಡು ಸಲ ಒರೆಸಿ.

ತೋಟದ_ಮನೆ
ಮನೆಯವ್ರಿಗೆ ಹೇಳಿ, ಅವ್ರು ಬೇಡ ಅಂದಿದ್ದು ಸರಿ ಇತ್ತು ಅಂತ.

ಗೊರೂರು_ಹಿನ್ನೀರು
ಎಂಟು ದಿನ ಆದ್ಮೇಲೆ ಬರೀತಿದೀನಿ. ರಿಪೋರ್ಟ್ ಬಂತು. ಮಗಳಿಗೆ 7.2, ನಂಗೆ 11. ಡಾಕ್ಟರ್ ಹೇಳಿದ್ರು ಇಷ್ಟಕ್ಕೆ ಔಷಧಿ ಕೊಡಲ್ಲ, ಮೂಲ ನಿಲ್ಲಿಸಿ, ಕಬ್ಬಿಣದಂಶದ ಟಾನಿಕ್ ಕೊಡಿ, ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡ್ಸಿ ಅಂತ. ಬ್ಯಾಟರಿ ಪ್ಲೇಟು ಅಂಗಡಿಗೆ ಕೊಟ್ಟು ಬಂದೆ. ಮನೆಯವ್ಳು ಬೈಲಿಲ್ಲ, ಮಗಳ ಕೈ ತೊಳೀತಾ ಸುಮ್ಮನೆ ಕೂತಿದ್ಲು, ಅದು ಬೈದಿದ್ದಕ್ಕಿಂತ ಜಾಸ್ತಿ ಆಯ್ತು ನಂಗೆ.

ಬಲೆ ಮಾತ್ರ ಬಿಡೋಕೆ ಮನಸಿಲ್ಲ, ದೊಡ್ಡಪ್ಪನ ಕೈಲಿ ಹೆಣೆದಿದ್ದು. ಸೀಸ ಬಿಟ್ಟು ಬೇರೆ ಏನಾದ್ರೂ ಕಟ್ಬೋದಾ?

ಲ್ಯಾಬ್_ಅಕ್ಕ
ಡಾಕ್ಟರ್ ಸರಿಯಾಗೇ ಹೇಳಿದಾರೆ. ಸೀಸ ಹೊರಗೆ ತೆಗೆಯೋ ಔಷಧಿ ಸಾಮಾನ್ಯವಾಗಿ ರಕ್ತದಲ್ಲಿ 45 ಮೈಕ್ರೋಗ್ರಾಂ ದಾಟಿದ ಮಕ್ಕಳಿಗೆ ಕೊಡೋದು. ಮೂಲ ನಿಂತ್ರೆ ಇಳಿಯುತ್ತೆ. ಮೂರು ತಿಂಗಳ ರಿಪೋರ್ಟ್ ಇಲ್ಲಿ ತಪ್ಪದೆ ಹಾಕಿ.

ಮಲ್ನಾಡ್_ಮೀನು
ಸುಟ್ಟ ಮಣ್ಣಿನ ಮಣಿ ಕಟ್ಟಿರೋ ಬಲೆನೂ ಇರ್ತವೆ. ಆದ್ರೆ ಬೀಸುಬಲೆಗೆ ಅದು ಹಗುರ, ನಿಧಾನ ಇಳಿಯುತ್ತೆ, ಅಷ್ಟರಲ್ಲಿ ಮೀನು ಪಾರು. ಕಬ್ಬಿಣದ ನಟ್ ಕಟ್ಟಿ ನೋಡಿ.

ಕೆಮಿಸ್ಟ್ರಿ_ಮೇಷ್ಟ್ರು
ನಟ್ ಒಳ್ಳೇ ಉಪಾಯ. ಲೆಕ್ಕ ಹಾಕಿದೆ. 4 ಕೇಜಿ ಸೀಸ ನೀರೊಳಗೆ 3.65 ಕೇಜಿಯಷ್ಟು ಭಾರ, 4 ಕೇಜಿ ಕಬ್ಬಿಣ 3.5ರ ಹತ್ರ. ಅಂದ್ರೆ 4 ಕೇಜಿ 200 ಗ್ರಾಂ ನಟ್ ಕಟ್ಟಿದ್ರೆ ಸರಿಸಮ. ಗಾತ್ರ ಮಾತ್ರ ಒಂದೂವರೆ ಪಟ್ಟು ಆಗುತ್ತೆ. ಹಳೇ ಗುಂಡೂ ಬಿಚ್ಚಿ ಪೂರ್ತಿ ನಟ್ ಹಾಕೋದಾದ್ರೆ ಅದರ ಎರಡರಷ್ಟು ತಗೊಳ್ಳಿ.

ಗೊರೂರು_ಹಿನ್ನೀರು
ಪೂರ್ತಿ ಬಿಚ್ತೀನಿ ಮೇಷ್ಟ್ರೆ. ಗ್ಲೌಸ್ ಹಾಕ್ಕೊಂಡು, ಪ್ಲೇಯರ್‌ನಲ್ಲಿ, ಕೊಟ್ಟಿಗೆ ಹಿಂದೆ. ಬಿಚ್ಚಿದ್ದನ್ನ ಏನ್ ಮಾಡ್ಲಿ?

ಬ್ಯಾಟರಿ_ಅಂಗಡಿ
ಮುಚ್ಚಳ ಇರೋ ಡಬ್ಬಿಗೆ ಹಾಕಿ ಟೇಪ್ ಸುತ್ತಿ, ವೀಲ್ ವೇಟ್, ಕೇಬಲ್ ಕವಚನೂ ಅದ್ರ ಜೊತೆ ತನ್ನಿ. ನಮ್ ಲಾಟ್ ಜೊತೆ ರೀಸೈಕಲ್‌ಗೆ ಹೋಗುತ್ತೆ.

ಕಡೂರ್_ಬಯಲು
ನಟ್ ಕಟ್ಟೋದಾದ್ರೆ ಒಂದು ವಿಷಯ. ನಟ್ ಒಳಗಿನ ಮರೆ (ತಿರುಪಿನ ಗೆರೆ) ನೂಲನ್ನ ಕುಯ್ಯುತ್ತೆ, ಎರಡು ಬೀಸಿಗೇ ಹೋಗುತ್ತೆ. ದುಂಡು ಫೈಲ್ ಹಾಕಿ ಎರಡೂ ಕಡೆ ಬಾಯಿ ನುಣ್ಣಗೆ ಮಾಡಿ, ಇಲ್ಲಾಂದ್ರೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ತೂರಿಸಿ ಅದರೊಳಗೆ ನೂಲು ಎಳೀರಿ. ಸತುವಿನ ಕೋಟಿಂಗ್ ಇರೋ ನಟ್ ತಗೊಳ್ಳಿ, ಬೇಗ ತುಕ್ಕು ಹಿಡಿಯಲ್ಲ. ನಾನೂ ಅಪ್ಪನ ಬಲೆಗೆ ಈ ವಾರ ಅದನ್ನೇ ಮಾಡ್ತಾ ಇದೀನಿ, ಅರ್ಧ ಸುತ್ತು ಆಗಿದೆ, ಮುಗಿದ್ಮೇಲೆ ಗಂಟು ಹಾಕಿರೋ ಫೋಟೋ ಹಾಕ್ತೀನಿ ನೋಡ್ಕೊಳ್ಳಿ.